ಸತ್ತವರ ಜಪ ಒಲ್ಲೆನೆಂದ ನಾನಾಯ್ ಪಾನಿಂಗ್

ಬೆಳಗಿನ ಐದೂವರೆ. ಸಮಾರ್ ದ್ವೀಪದ ನಮ್ಮ ಮೀನುಗಾರರ ಕೇರಿಯಲ್ಲಿ ಎಪಿಫಾನಿಯಾ ಆಗಲೇ ಬಿದಿರು ತಟ್ಟಿಯ ಮೇಲೆ ಮೀನು ಹರವುತ್ತಿದ್ದಾರೆ. ಅರವತ್ತೇಳರ ಈಕೆಯನ್ನು ಊರೆಲ್ಲ ಕರೆಯುವುದು ನಾನಾಯ್ ಪಾನಿಂಗ್, ಪಾನಿಂಗಮ್ಮ ಎಂದ ಹಾಗೆ. ಕೈ ಮೀನಿನ ಮೇಲಿದ್ದರೂ ಕಣ್ಣು ಕಡಲ ಮೇಲೆ. ಒಬ್ಬನೇ ದೋಣಿ ಇಳಿಸಿದ್ದ ಕೇರಿಯ ಹುಡುಗ ಹೊವಿತೊ ಬಿರುಗಾಳಿಗೆ ಸಿಕ್ಕಿ ಕಾಣೆಯಾಗಿ ಇಂದಿಗೆ ಎಂಟು ದಿನ.

ಒಣಮೀನು ಆಕೆಯ ಹೊಟ್ಟೆಪಾಡು. ಊರಿಗೆ ಬೇಕಾಗುವುದು ಇನ್ನೊಂದು ಕೆಲಸ: ಸಾವಾದ ಮನೆಯಲ್ಲಿ ಒಂಬತ್ತು ದಿನ ಪ್ರಾರ್ಥನೆ ನಡೆಸುವುದು. ಮೂವತ್ತೊಂದು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಮನೆ. ಸಿಗುವುದು ಎರಡು ಎಲೆಗಡುಬು, ಒಂದು ಲೋಟ ಕಾಫಿ. ಇಗರ್ಜಿಯ ಗೋಡೆಯಲ್ಲಿ ಸೇವೆ ಮಾಡಿದವರೆಂದು ಯಾರ್‍ಯಾರದೋ ಹೆಸರಿದೆ, ಈಕೆಯದಿಲ್ಲ. ಆಕೆಯ ಬಗ್ಗೆ ಬರೆಯಹೊರಟ ನನಗೆ ಇದು ಸಿಟ್ಟು ತರಿಸುತ್ತದೆ, ಆಕೆಗೆ ನಗು.

ನಾಲ್ಕನೆಯ ದಿನ ಹೊವಿತೊನ ಅಪ್ಪ ಮಾಕ್ಸಿಮೊ ಮಗನ ಫೋಟೊ ಮುಂದೆ ಮೇಣದಬತ್ತಿ ಹಚ್ಚಿ, ಉಪ್ಪಿಲ್ಲದ ಅನ್ನ-ಸಾರು ಇಟ್ಟು ಪಾನಿಂಗ್‌ಗೆ ಹೇಳಿಕಳಿಸಿದ. ಉಪ್ಪಿಲ್ಲದ ಊಟ ನಮ್ಮಲ್ಲಿ ಸತ್ತವರಿಗೆ. ಆಕೆ ಬಂದವರೇ ಬತ್ತಿ ಆರಿಸಿ, ಹೊವಿತೊನ ಹೆಂಡತಿ ಲೆರ್ಮಾಳ ಕೈಗೆ ಉಪ್ಪಿನ ಭರಣಿ ಕೊಟ್ಟರು. "ಹಾಕಮ್ಮ. ಉಣ್ಣೋನು ಬರ್ತಾನೆ."

"ತಲೆ ಕೆಟ್ಟಿದೆಯಾ ನಿಂಗೆ?" ಮುದುಕ ರೇಗಿದ. "ನನ್ನ ಮಗನ ಆತ್ಮ ಅಲೀಬೇಕಾ? ನಿನ್ ಗಂಡನಿಗೂ ಹಿಂಗೇ ಕಾದೆ. ಬಂದ್ನಾ?"

ಬಂದಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕಡಲು ಅವನನ್ನು ನುಂಗಿತ್ತು.

"ದೇವ್ರು ಅವತ್ತು ಇಲ್ಲ ಅಂದ," ಎಂದರು ಪಾನಿಂಗ್. "ಒಂದ್ಸಲ ಇಲ್ಲ ಅಂದ ಅಂತ ಅಪ್ಪನ್ನ ಕೇಳೋದೇ ಬಿಡ್ತಾರೇನೋ, ಮಾಕ್ಸಿಮೊ?"

ಅಂದಿನಿಂದ ಅದೇ ಮನೆಯಲ್ಲಿ ಕೂತು ದಿನಕ್ಕೆ ಮೂರು ಜಪಸರ, ಬದುಕಿರುವ ಹೊವಿತೊಗಾಗಿ. ಕೇರಿಯವರು ಆಡಿಕೊಂಡರು. ಲೆರ್ಮಾ ಮಾತ್ರ ಹೊತ್ತುಹೊತ್ತಿಗೆ ಗಂಡನ ತಟ್ಟೆಗೂ ಬಡಿಸುತ್ತಿದ್ದಾಳೆ.

ಆರೂವರೆ. ದಡದಲ್ಲಿ ಒಮ್ಮೆಲೇ ಕೂಗು. ದೊಡ್ಡದೊಂದು ಹಡಗು ಮುರುಕು ದೋಣಿಯನ್ನು ಎಳೆದು ತರುತ್ತಿದೆ. ಹಡಗಿನ ಮುಂಭಾಗದಲ್ಲಿ, ಅಯ್ಯೋ ದೇವರೇ, ಹೊವಿತೊ! ತುಟಿ ಬಿರಿದಿದೆ, ಮೂಳೆ ಚಕ್ಕಳವಾಗಿದ್ದಾನೆ, ಆದರೆ ಕೈ ಬೀಸುತ್ತಿದ್ದಾನೆ. ಲೆರ್ಮಾ ಎದೆಮಟ್ಟದ ನೀರಿಗೆ ನುಗ್ಗುತ್ತಾಳೆ. ಯಾರೋ ಓಡಿಹೋಗಿ ಇಗರ್ಜಿಯ ಗಂಟೆ ಬಾರಿಸುತ್ತಾರೆ. ಬರೆಯಲು ಬಂದ ನಾನೂ ಪೆನ್ನು ಬಿಸಾಕಿ ಕುಣಿಯುತ್ತಿದ್ದೇನೆ.

ಮಾಕ್ಸಿಮೊ ಮರಳಲ್ಲಿ ಕುಸಿದು ಪಾನಿಂಗ್ ಕೈ ಹಿಡಿದು ಗೊಳೋ ಎಂದು ಅಳುತ್ತಾನೆ. "ನಾನೇ ನನ್ನ ಕೈಯಾರೆ ಅವನನ್ನ ಸತ್ತೋರ ಲೋಕಕ್ಕೆ ಕಳಿಸಿಕೊಟ್ಟುಬಿಡ್ತಿದ್ದೆನಲ್ಲೇ!"

"ಏಳೋ ಮುದುಕಾ. ಹೋಗಿ ಮಗನಿಗೆ ಗಂಜಿ ಕುಡಿಸು."

ಗದ್ದಲ ತಗ್ಗಿದ ಮೇಲೆ ಕೇಳುತ್ತೇನೆ: "ನಾನಾಯ್, ಬಂದೇ ಬರ್ತಾನೆ ಅಂತ ಖಾತ್ರಿ ಇತ್ತಾ?"

"ಖಾತ್ರಿ ಎಲ್ಲಿ ಬಂತಪ್ಪ? ಎಂಟು ದಿನವೂ ಎದೆ ಡವಡವ ಅಂತಿತ್ತು," ಎನ್ನುತ್ತಾ ಆಕೆ ಕಣ್ಣೊರೆಸಿಕೊಳ್ಳುತ್ತಾರೆ. "ಆದ್ರೂ ನೋಡು, ಈ ಬಾಯಿಂದ ಒಂದ್ಸಲಾನೂ ಆ ಹುಡುಗನ್ನ ಸಾಯಿಸ್ಲಿಲ್ಲ."