ಎಲೆಯ ಮೇಲೆ ಪೆನ್ನಿನ ಗೆರೆ

ಕಳೆದ ವಾರ ಬೆಳಗಿನ ಕಾಫಿ ಹಿಡಿದು ಬಾಲ್ಕನಿಗೆ ಹೋದೆ. ವೀಳ್ಯದೆಲೆಯ ಮೇಲೊಂದು ಕಂದು ಚುಕ್ಕೆ. ಎಳ್ಳಿಗಿಂತ ದೊಡ್ಡದಲ್ಲ. ನಿಮಗಾದರೆ ಕಾಫಿ ಮುಗಿಸುವಷ್ಟು ಸಮಾಧಾನ ಇರುತ್ತಿತ್ತು. ನನ್ನದು ಲೋಟದಲ್ಲೇ ಆರಿತು. ನಾನು ಬೀಗ ಹಾಕಿದ ಮೇಲೆ ಮತ್ತೆ ತೆಗೆದು, ಗ್ಯಾಸ್ ಆರಿದೆಯೇ ಎಂದು ನೋಡಿ ಬರುವ ಪೈಕಿ. ಅದರಲ್ಲೂ ಈ ಬಳ್ಳಿ ವಿಮಲಕ್ಕ ಕೊಟ್ಟದ್ದು. ಅವರು ತೀರಿಕೊಂಡು ವರ್ಷವಾಯಿತು. ವಿಜಯವಾಡದ ಅವರ ಹಿತ್ತಲಿದ್ದ ಕಡೆ ಈಗ ಯಾವುದೋ ಶೋರೂಮಿನ ಕಾರುಗಳು ನಿಲ್ಲುತ್ತವೆ. ಅವರ ಬಳ್ಳಿಯಲ್ಲಿ ಉಳಿದಿರುವುದು ವಿಶಾಖಪಟ್ಟಣದ ಪೆಂದುರ್ತಿಯ ನಮ್ಮ ಮನೆಯ ಕುಂಡದಲ್ಲಿರುವುದಷ್ಟೇ.

ಬ್ಯಾಂಕು ನನ್ನನ್ನು ತುಮಕೂರಿನಿಂದ ಎತ್ತಿ ವಿಜಯವಾಡಕ್ಕೆ ಹಾಕಿದಾಗ ಬೆಂಜ್ ಸರ್ಕಲ್ ಹಿಂದಿನ ಗಲ್ಲಿಯಲ್ಲಿ ಅವರ ಮಹಡಿ ಬಾಡಿಗೆಗೆ ಸಿಕ್ಕಿತು. ವಿಮಲಕ್ಕ ಮೈಸೂರಿನವರು, ಸುಬ್ಬರಾವು ಗಾರನ್ನು ಮದುವೆಯಾಗಿ ಅಲ್ಲೇ ಬೇರೂರಿದ್ದರು. ಕೃಷಿ ಕಾಲೇಜಿನಲ್ಲಿ ಸಸ್ಯರೋಗಗಳ ಪಾಠ ಹೇಳಿ ನಿವೃತ್ತರಾಗಿದ್ದರು. ಊಟದ ಮೇಜಿನ ಮೇಲೆ ಆವಕಾಯ ಜಾಡಿಯ ಪಕ್ಕದಲ್ಲೇ ಸೂಕ್ಷ್ಮದರ್ಶಕ. ಊಟಕ್ಕೆ ಕರೆದರೆ ಅನ್ನಕ್ಕೆ ಮೊದಲು ಒಂದು ರೋಗ ಬಡಿಸುತ್ತಿದ್ದರು.

ಹಿತ್ತಲಿನ ಬಳ್ಳಿಗೆ ಸಂಜೆ ನೀರು ಹಾಕುವ ಕೆಲಸ ನಾನಾಗಿ ವಹಿಸಿಕೊಂಡೆ. ವಿಜಯವಾಡದ ಬಿಸಿಲು, ಎಲೆಗಳಿಗೆ ಸೆಕೆಯಾದೀತು ಎಂದು ತಲೆಯಿಂದ ಬುಡದವರೆಗೆ ಸ್ನಾನ ಮಾಡಿಸುತ್ತಿದ್ದೆ. ಚುಕ್ಕೆಗಳೆದ್ದವು. ತೊಳೆದುಹೋಗಲೆಂದು ಇನ್ನಷ್ಟು ನೀರು ಸುರಿದೆ.

“ಏನಪ್ಪಾ, ಎಣ್ಣೆ ಸೀಗೆಕಾಯಿ ಒಂದು ಬಾಕಿ ನೋಡು!” ಎಂದು ವಿಮಲಕ್ಕ ಮೇಜಿನ ಮುಂದೆ ಕೂರಿಸಿದರು.

ಎಲೆಚೂರು ಇಟ್ಟ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಮೊದಲು ಕಂಡದ್ದು ನನ್ನದೇ ರೆಪ್ಪೆ. ಆಮೇಲೆ ಹಂಚು ಜೋಡಿಸಿದಂತೆ ಜೀವಕೋಶಗಳು; ಅವುಗಳ ಮೇಲೆ ಅಕ್ಕಿಕಾಳಿನಂಥದೊಂದು, ಶಿಲೀಂಧ್ರದ ಬೀಜಕಣ. ಒಣ ಎಲೆಯ ಮೇಲೆ ಅದು ಸುಮ್ಮನೆ ಬಿದ್ದಿರುತ್ತದಂತೆ. ನೀರಿನ ಹನಿ ಸಿಕ್ಕಿತೋ, ಮೊಳಕೆಯೊಡೆದು, ತುದಿಯಲ್ಲೊಂದು ಕಪ್ಪು ಗುಬುಟು ಮಾಡಿಕೊಂಡು ಎಲೆಗೆ ಅಂಟಿಕೊಳ್ಳುತ್ತದೆ. ಗುಬುಟಿನೊಳಗೆ ಒತ್ತಡ ಏರಿ ಏರಿ, ಅಡಿಯಿಂದ ಸೂಜಿಯಂಥ ಮೊಳೆ ಹೊರಟು ಕೋಶದ ಗೋಡೆಯನ್ನು ತೂರುತ್ತದೆ.

“ಆಗಲೇ ಕೋಶ ಸಾಯತ್ತಾ ಅಕ್ಕ?”

“ಇಲ್ಲ, ಅಲ್ಲೇ ಅದರ ಜಾಣತನ. ಗೋಡೆಯೊಳಗಿರೋ ತೆಳು ಪೊರೆ ಹರಿಯೋದಿಲ್ಲ. ಹಾಸಿಗೆ ಮೇಲೆ ಕೂತ ಹಾಗೆ ತಗ್ಗು ಮಾಡ್ಕೊಂಡು ಕೂರತ್ತೆ. ಕೋಶ ಬದುಕಿರತ್ತೆ, ಇದು ಅದರ ಊಟ ಉಣ್ತಿರತ್ತೆ. ಹೊರಗೆ ಎಲೆ ಹಸಿರೇ. ಬಲ ಬಂದಮೇಲೆ ಸುತ್ತಲಿನದನ್ನೆಲ್ಲ ಕೊಂದು ತಿನ್ನತ್ತೆ.”

“ಅಂಟೇ ನೀ ತಮ್ಮುಡಿಲಾಗಾ!” ಅಂದರೆ ನಿನ್ನ ತಮ್ಮನ ಹಾಗೆ ಎಂದು ಒಳಗಿಂದ ಸುಬ್ಬರಾವು ಗಾರು. ಅಕ್ಕನ ತಮ್ಮ ಮೈಸೂರಿನಿಂದ ಬಂದಿಳಿದು ಆಗ ತಿಂಗಳಾಗಿತ್ತು.

“ನಿಮ್ಮಣ್ಣ ಬಂದಾಗ ಈ ಮಾತು ಎಲ್ಲಿ ಹೋಗಿತ್ತು?” ಎಂದರು ವಿಮಲಕ್ಕ, ತಲೆ ಎತ್ತದೆ.

ನನಗೆ ನಗು ಬರಲಿಲ್ಲ. ಹಸಿರೆಲೆಯನ್ನೂ ನಂಬುವಂತಿಲ್ಲವೆಂದರೆ ನನ್ನಂಥವನ ಗತಿಯೇನು? “ಎಲ್ಲ ಕಿತ್ತುಬಿಡೋಣವಾ?”

ಅವರು ಇನ್ನೊಂದು ಎಲೆಚೂರು ಇಟ್ಟರು. ಮೊಳೆ ತೂರಿದ ಕೋಶ, ನೆರೆಯ ಒಂದೆರಡು, ಕಂದಾಗಿ ಸತ್ತಿದ್ದವು. ಆಚೆಗೆಲ್ಲ ನೆಟ್ಟಗಿತ್ತು.

“ಇಲ್ಲಿ ಗಿಡಕ್ಕೆ ಎಚ್ಚರ ಆಗಿದೆ. ಬಂದಿದ್ದು ಯಾರು ಅಂತ ಗೊತ್ತಾಗಿ ಕೋಶ ತಾನೇ ಪ್ರಾಣ ಬಿಟ್ಟಿದೆ. ಸತ್ತ ಮನೇಲಿ ನೆಂಟನಿಗೆ ಯಾರು ಬಡಿಸ್ತಾರೆ? ರೋಗ ಅಲ್ಲಿಗೇ ನಿಂತಿದೆ.”

“ಬರಿಗಣ್ಣಿಗೆ ಹೇಗೆ ತಿಳಿಯೋದು?”

ನನ್ನ ಜೇಬಿನ ಪೆನ್ನು ಎಳೆದುಕೊಂಡು, ಬಳ್ಳಿಯ ಒಂದು ಎಲೆಯಲ್ಲಿ ಚುಕ್ಕೆಯ ಸುತ್ತ ಹಗುರವಾಗಿ ಗೆರೆ ಬರೆದರು. “ಗೆರೆ ದಾಟಿದರೆ ಕೀಳು. ದಾಟದಿದ್ದರೆ ಬಿಡು. ನೀರು ಬುಡಕ್ಕೆ ಮಾತ್ರ. ಗಿಡಕ್ಕೂ ಒಂದಿಷ್ಟು ಕೆಲಸ ಇರಲಿ, ಎಲ್ಲಾ ನೀನೇ ಮಾಡಬೇಡ.”

ವಿಶಾಖಪಟ್ಟಣಕ್ಕೆ ವರ್ಗವಾದಾಗ ಬಳ್ಳಿಯ ತುಂಡೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು, “ದಾರೀಲಿ ಬಿಚ್ಚಿ ಬಿಚ್ಚಿ ನೋಡಬೇಡ,” ಎಂದಿದ್ದರು. ರೈಲು ಕೃಷ್ಣೆಯ ಊರು ಬಿಡುವ ಮೊದಲೇ, ಇಂದ್ರಕೀಲಾದ್ರಿ ಬೆಟ್ಟ ಇನ್ನೂ ಕಣ್ಣಳತೆಯಲ್ಲಿದ್ದಾಗಲೇ, ಬಿಚ್ಚಿ ನೋಡಿದ್ದೆ.

ಕಳೆದ ವಾರ ಚುಕ್ಕೆ ಕಂಡಾಗಲೂ ಕೈ ಮೊದಲು ಹೋದದ್ದು ಕತ್ತರಿಗೇ. “ಕಿತ್ತು ಬಿಸಾಕಿ ರೀ, ಇಡೀ ಬಳ್ಳಿಗೆ ಹಬ್ಬೀತು,” ಎಂದಳು ಹೆಂಡತಿ. ಕಿತ್ತರೆ ಅಕ್ಕನ ಮಾತು ಮೀರಿದಂತೆ, ಬಿಟ್ಟರೆ ಅಕ್ಕನ ಬಳ್ಳಿಯೇ ಹೋದೀತು. ಕೊನೆಗೆ ಪೆನ್ನು ತೆಗೆದೆ. ಗೆರೆ ದುಂಡಗೆ ಬರದೆ ಮೊಟ್ಟೆಯಾಕಾರವಾಯಿತು.

ಇಂದು ಶುಕ್ರವಾರ. ಎದುರುಮನೆಯಾಕೆಯ ತಾಂಬೂಲಕ್ಕೆ ಹೆಂಡತಿ ಎಲೆ ಕೀಳಲು ಬಂದಳು. ಚುಕ್ಕೆ ಗೆರೆಯೊಳಗೇ ಒಣಗಿ, ನಡುವೆ ಸಣ್ಣ ತೂತಾಗಿದೆ. ಸುತ್ತಲೂ ಹಸಿರು.

“ಅದೊಂದು ಬಿಟ್ಟು ಕೀಳು,” ಎಂದೆ.

“ತೂತಿನ ಎಲೆ ಯಾರಿಗೆ ಕೊಡ್ತೀನಿ ರೀ?”

ಬುಡಕ್ಕೆ ಅರ್ಧ ಚೊಂಬು ನೀರು ಹಾಕಿ, ಕುರ್ಚಿಯಲ್ಲಿ ಕೂತು, ಕಾಫಿಯನ್ನು ಬಿಸಿಬಿಸಿಯಾಗಿಯೇ ಕುಡಿದೆ.