ಕೊಪ್ಪರಿಗೆಯ ಎಡಗಡೆಯ ಹಿಡಿ

ಈ ಮರಳುಚೀಲಕ್ಕೆ ಮುನ್ನೂರೈವತ್ತು ರೂಪಾಯಿ. ಒಳಗಿರುವುದು ಅರ್ಧ ಕಿಲೋ ಮರಳು. ಹೊಳೆಬದಿಯಲ್ಲೇ ಬೆಳೆದವನು ಮರಳಿಗೆ ಅಷ್ಟು ಕೊಟ್ಟದ್ದು ಎಂತಕ್ಕೆ ಅಂತ ಕೇಳ್ತೀರಿ. ಕೈ ಕುತ್ತಿಗೆಗೆ ನೇತಾಡುವಾಗ ಚೌಕಾಸಿ ಆಗುದಿಲ್ಲ ಮಾರಾಯ್ರೆ. ಬೇಡವೆಂದು ಎದ್ದು ಹೊರಟರೆ ಅಂಗಡಿಯವ, ಪಾಪ ಅಂತ, ಬಾಗಿಲು ತೆರೆದು ಹಿಡಿಯುತ್ತಾನೆ! ಇವತ್ತು ಕಪಾಟು ತೆರೆದಾಗ ಅದು ಕಾಲ ಮೇಲೆ ಬಿದ್ದು ಎಲ್ಲ ನೆನಪಾಯಿತು.

ಕಲ್ಲುಗುಂಡಿಯಲ್ಲಿ ನನ್ನದು ಪಾತ್ರೆ ಬಾಡಿಗೆಯ ಅಂಗಡಿ. ಎರಡು ಸೌಟಿನಿಂದ ಶುರುಮಾಡಿದ್ದು. ಈಗ ಐನೂರು ಜನರ ಮದುವೆಗೆ ಬೇಕಾದ್ದೆಲ್ಲ ಉಂಟು. ದೊಡ್ಡ ಕೊಪ್ಪರಿಗೆಯನ್ನು ಪಿಕಪ್ಪಿಗೆ ಏರಿಸುವಾಗ ಬಲಗಡೆಯ ಹಿಡಿ ಹೆಂಡತಿಯದ್ದು, ಎಡಗಡೆಯದ್ದು ನನ್ನದು. ನಮ್ಮ ಎಷ್ಟೋ ಜಗಳ ಅಲ್ಲೇ ಮುಗಿದಿದೆ, ಇಬ್ಬರಿಗೂ ಉಸಿರು ಸಾಲದೆ.

ಒಮ್ಮೆ ಪಾಚಿಯಲ್ಲಿ ಜಾರಿ ಬಿದ್ದೆ. ಪ್ಲಾಸ್ಟರ್ ಬಿಚ್ಚಿದಾಗ ಎಡಗೈ ನುಗ್ಗೆಕೋಡು.

"ಇನ್ನು ನೀವು ರಶೀದಿ ಬರೀರಿ. ಹಿಡಿಗೆ ಅಣ್ಣನನ್ನು ಕರೀತೇನೆ," ಎಂದಳು ಹೆಂಡತಿ.

ಅವಳ ಅಣ್ಣ, ಅಂದರೆ ನನ್ನ ಭಾವ, ಎಂದೋ ಗ್ಯಾಸ್ ಸಿಲಿಂಡರ್ ಎತ್ತಿದ್ದನ್ನು ಇನ್ನೂ ಹೇಳುತ್ತಿರುವ ಮನುಷ್ಯ. ಬಂದವರೇ, "ಭಾವ, ಸೌಟು ತೊಳೆಯುದಾದ್ರೂ ಆಗ್ತದಲ್ಲ ನಿಮಗೆ?" ಎಂದರು. ಎಡಗಡೆಯ ಹಿಡಿ ಇವರಿಗೆ ಹೋದರೆ ನಾನು ಊರಲ್ಲಿ ತಲೆಯೆತ್ತುವುದು ಹೇಗೆ?

ಸುಳ್ಯದ ಫಿಸಿಯೋ ಮೇಡಂ ಹೇಳಿದರು: "ಅರ್ಧ ಕಿಲೋದ ಮರಳುಚೀಲ, ಹತ್ತು ಸಲ ಎತ್ತಿ. ಸುಲಭವಾದ ಮೇಲೆ ಸ್ವಲ್ಪ ಜಾಸ್ತಿ."

"ಹತ್ತು ಆಗುದಿಲ್ಲ ಮೇಡಂ. ಆರಕ್ಕೆ ಮುಗಿಸುವ."

"ಮುಗಿಸುವ. ಕೊಪ್ಪರಿಗೆ ಎತ್ತುದು ನಾನಲ್ಲವಲ್ಲ."

ಇಷ್ಟು ವರ್ಷದ ವ್ಯಾಪಾರದಲ್ಲಿ ನನ್ನ ರೇಟಿಗೆ ಅಷ್ಟು ಬೇಗ ಒಪ್ಪಿದವರಿಲ್ಲ. ಹೆದರಿ ಹತ್ತೇ ಮಾಡಿದೆ.

ವಾರದಲ್ಲಿ ಸುಲಭವಾಯಿತು. ಕೂಡಲೇ ವ್ಯಾಪಾರಿ ಬುದ್ಧಿ ಎದ್ದಿತು: ಸಗಟಿನಲ್ಲಿ ತೆಗೆದರೆ ಲಾಭವಲ್ಲವೇ? ತಿಂಗಳ ವ್ಯಾಯಾಮ ಒಂದೇ ದಿನಕ್ಕೆ ಎಂದು ಸೀದಾ ಪಾಯಸದ ಪಾತ್ರೆಗೆ ಕೈಹಾಕಿದೆ. ಆಮೇಲೆ ನಾಲ್ಕು ದಿನ ನನ್ನ ಅಂಗಿಯ ಗುಂಡಿ ಹಾಕಿದ್ದು ಹೆಂಡತಿ. ಭಾವ ನಿಂತು ನೋಡಿದರು.

ಮತ್ತೆ ಕೆಳಗಿನಿಂದ ಶುರು. ಉಪ್ಪಿನಕಾಯಿ ಬಕೆಟ್, ಪಲ್ಯದ್ದು, ಸಾರಿನದು, ಸಾಂಬಾರಿನದು. ಮದುವೆಯಲ್ಲಿ ಬಡಿಸುವ ಕ್ರಮದಲ್ಲೇ ನನಗೆ ಬಲ ಬಂದದ್ದು. ಪಾಯಸಕ್ಕೆ ತಲುಪುವಾಗ ಮೂರು ತಿಂಗಳು.

ಮಂಡೆಕೋಲಿನ ಮದುವೆಯ ದಿನ ಭಾವ ಅಂಗಿ ತೋಳು ಮಡಚಿ ಬಂದರು. ನಾನು ಆಗಲೇ ಎಡಗಡೆ ನಿಂತಿದ್ದೆ. ಹೆಂಡತಿ ನನ್ನ ಮುಖ ನೋಡಿದಳು, ಕೈ ನೋಡಿದಳು.

"ಅಣ್ಣ, ನೀನು ಸ್ವಲ್ಪ ಆಚೆ ನಿಲ್ಲು."

ಕೊಪ್ಪರಿಗೆ ಏರಿತು. ಅವಳ ಕಡೆ ಸ್ವಲ್ಪ ತಗ್ಗಿತ್ತು ಅಂತ ನನ್ನ ಅಭಿಪ್ರಾಯ, ಹೇಳಲಿಲ್ಲ. ಈಗಲೂ ಆ ಹಿಡಿ ನನ್ನದೇ.

ನೀವೂ ಹಗುರದಿಂದ ಶುರುಮಾಡಿ. ಹತ್ತು ಸಲ ಸರಾಗವಾಗಿ ಎತ್ತಿದ ಮೇಲೆ ಮಾತ್ರ ಭಾರ ಕೂಡಿಸಿ, ಅದೂ ಸ್ವಲ್ಪವೇ. ನಡುವೆ ಒಂದು ದಿನ ಬಿಡುವಿರಲಿ; ನೋವಾದರೆ ನಿಲ್ಲಿಸಿ. ಬರೀ ಉದಾಸೀನದಿಂದ ಒಂಬತ್ತನೆಯದ್ದೂ ಹತ್ತನೆಯದ್ದೂ ಏಳದಿದ್ದರೆ, ಭಾವನನ್ನು ಎದುರಿಗೆ ಕೂರಿಸಿಕೊಳ್ಳಿ.