ಮಣಿಕಟ್ಟಿನ ಯಂತ್ರ ಮಾಡಿಕೊಟ್ಟ ಕಾಕಾ

ಕಾಕಾ ಅವರ ಬಲಗೈ ಹೆಬ್ಬೆರಳಿನ ತುದಿ ಬೆಸುಗೆಯ ಕಾವಿಗೆ ಸುಟ್ಟು ಸುಟ್ಟು ಹಳದಿಗಟ್ಟಿ ನುಣುಪಾಗಿತ್ತು. ಅವರ ಮೊಬೈಲೇ ಆ ಬೆರಳಿನ ಗುರುತು ಹಿಡಿಯುತ್ತಿರಲಿಲ್ಲ.

ಬೆಂಗೇರಿಯಲ್ಲಿ ನಮ್ಮ ಮನೆಯೆದುರೇ ಅವರ ಟಿ.ವಿ., ಮಿಕ್ಸರ್ ರಿಪೇರಿ ಅಂಗಡಿ. ಯಾರು ಏನು ತಂದರೂ "ಏನಾಗೇತ್ರಿ ಇದಕ್ಕ?" ಎಂದು ರೋಗಿಯನ್ನು ವಿಚಾರಿಸಿದಂತೆ ಕೇಳುತ್ತಿದ್ದರು.

ನಾವು ಗೆಳೆಯರು ಸೇರಿ ಸಣ್ಣದೊಂದು ಸಿನೆಮಾ ಮಾಡಲು ಹೊರಟಿದ್ದೆವು. ನಿರ್ದೇಶನ ನನ್ನದು. ಮುಂದೆಂದೋ ಬರುವ ಕಾಲದ ಕತೆ. ಅಲ್ಲಿ ಆಯುಷ್ಯವೇ ರೊಕ್ಕ. ಉಳಿದ ದಿನಗಳ ಅಂಕಿ ಎಲ್ಲರ ಮಣಿಕಟ್ಟಿನ ಮೇಲೂ ಹೊಳೆಯುತ್ತದೆ. ಅಕ್ಕಿ ಕೊಂಡರೂ ಬಸ್ಸು ಹತ್ತಿದರೂ ಅದು ಇಳಿಯುತ್ತದೆ. ಅಂಥ ಯಂತ್ರ ಮಾಡಿಕೊಡಿ ಎಂದು ಕೇಳಿದಾಗ ಕಾಕಾ ನಕ್ಕರು.

"ಒಂದ್ ಹೊತ್ತಿನ ಊಟಕ್ಕ ಒಂದ್ ದಿನದ ಆಯುಷ್ಯ ಕೊಡೂದು. ಇದು ಈಗೂ ನಡದೇ ಐತಲ್ರಿ ಸರ್!"

ಕೆಟ್ಟ ಡಿಜಿಟಲ್ ಗಡಿಯಾರಗಳನ್ನು ಬಿಚ್ಚಿ ಹನ್ನೆರಡು ಯಂತ್ರ ಮಾಡಿದರು. ಅವು ನಡುನಡುವೆ ಆರಿಹೋಗುತ್ತಿದ್ದವು. ಅವರಿಲ್ಲದೆ ಚಿತ್ರೀಕರಣ ಸಾಗುತ್ತಿರಲಿಲ್ಲ. ಕೊನೆಯ ದಿನದ ಕೆಲಸ ಬೈರಿದೇವರಕೊಪ್ಪದ ಖಾಲಿ ಗೋದಾಮಿನಲ್ಲಿ. ಹಿಂದಿನ ಸಂಜೆ ಕಾಕಾ ಹಿಂಜರಿಯುತ್ತ ಬಂದರು.

"ನಾಳೆ ದವಾಖಾನಿಗೆ ಬಾ ಅಂದಾರ್ರಿ. ಎದಿ ತಪಾಸಣಿ ಐತಿ."

"ಗೋದಾಮು ನಾಳೆ ಒಂದ ದಿನ ಸಿಗೂದು, ಕಾಕಾ. ದವಾಖಾನಿ ಮುಂದಿನ ವಾರಾನೂ ಇರತೈತಿ," ಎಂದೆ.

ಅವರು ತಲೆಯಾಡಿಸಿದರು. "ಆತು, ಬರ್ತೇನ್ರಿ."

ಮರುದಿನ, ಆಯುಷ್ಯ ಮುಗಿದ ಮುದುಕನೊಬ್ಬ ಕುಸಿದು ಸಾಯುವ ದೃಶ್ಯ. ನಟ ಎದೆ ಹಿಡಿದು ಚೀರಿದ. ಮೂಲೆಯಲ್ಲಿ ಕೂತಿದ್ದ ಕಾಕಾ ಮೆಲ್ಲಗೆ ಹೇಳಿದರು: "ಹಂಗ ಚೀರೂದಿಲ್ರಿ. ಎಡಗೈ ಭಾರ ಆಗತೈತಿ. ಮಾತ ಬರೂದಿಲ್ಲ."

"ವಾಹ್ ಕಾಕಾ!" ಎಂದು ಅದೇ ದೃಶ್ಯವನ್ನು ಮತ್ತೆ ಎರಡು ಸಲ ತೆಗೆದೆ. ಇದು ಇವರಿಗೆ ಹೇಗೆ ಗೊತ್ತು ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಅದಾದ ಮೂರನೆಯ ದಿನ ಅಂಗಡಿಯಲ್ಲೇ ಕಾಕಾ ತೀರಿಕೊಂಡರು.

ವಾರದ ನಂತರ, ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಳ್ಳಬೇಕೆಂದು ಅವರ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಕಾಕಿ ಕಣ್ಣೊರೆಸಿಕೊಂಡು ಹೇಳಿದರು:

"ದವಾಖಾನ್ಯಾವ್ರ ಫೋನ್ ಮಾಡಿ ಮುಂದಿನ ವಾರ ಬರ್ರಿ ಅಂದ್ರಂತ. ಅವತ್ತ ನೋಡಿದ್ರ ಉಳೀತಿದ್ರೇನೋ. ನೀವರ ಕರಕೊಂಡ ಹೋದ್ರಿ, ಕಡೀಕ ಒಂದ್ ದಿನ ಖುಷೀಲೆ ಇದ್ರು."

ತಪಾಸಣೆ ತಪ್ಪಿದ್ದಕ್ಕೆ ಕಾಕಾ ನನ್ನ ಹೆಸರು ಹೇಳಿರಲಿಲ್ಲ. ಕಾಕಿ ಕೊಟ್ಟ ಚಹಾ ಕುಡಿದೆ. "ಹೌದ್ರಿ ಕಾಕಿ," ಎಂದು ಎದ್ದು ಬಂದೆ.